ನಡುಗಡ್ಡೆಯ ನಲ್ಲಿಯೂ ಹಿರಿಯರ ಬಾವಿಯೂ

ಶರಾವತಿಯ ಹಿನ್ನೀರಿನ ಮೇಲೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಕಟ್ಟಿದ ಸೇತುವೆಯು 2025ನೆಯ ಇಸವಿ ಜುಲೈ 14ರಂದು ಸಂಚಾರಕ್ಕೆ ತೆರೆಯಲ್ಪಟ್ಟಿತೆಂಬುದು ವಾಚಕರಿಗೆ ವಿದಿತವಾಗಿಯೇ ಇದೆ. ಅದಾದ ಕೆಲವು ತಿಂಗಳುಗಳ ಮೇಲೆ ತುಮರಿಯ ಕಡೆಯ ನಮ್ಮ ಬಂಧುಗಳ ಮನೆಗೆ ಒಂದು ಶುಭಕಾರ್ಯದ ನಿಮಿತ್ತ ಹೋಗಿದ್ದೆನು. ಪರದೇಶದಲ್ಲಿ ಬೆಳೆದ ಅವರ ಮೊಮ್ಮಗನೂ ಬಂದಿದ್ದನು. ಜಗಲಿಯ ಮೇಲೆ ಕುಳಿತವರಿಗೆ ವಾಡಿಕೆಯಂತೆ ಬೆಲ್ಲವೂ ನೀರೂ ಬಂದುವು. ಹುಡುಗನು ಚಂಬನ್ನು ಕೈಯಲ್ಲಿ ಹಿಡಿದು, "ಅಜ್ಜಾ, ಇದು ನಲ್ಲಿಯ ನೀರೊ? ಹಾಗೆಯೇ ಕುಡಿಯಬಹುದೊ?" ಎಂದು ಕೇಳಿದನು. ಯಜಮಾನರ ಮುಖವು ಕೆಂಪಾಯಿತು. "ತಮಾ, ಈ ಮನೆಯ ಜಗಲಿಯಲ್ಲಿ ಕುಳಿತು ಆ ಮಾತನ್ನು ಕೇಳಿದವರು ಇದುವರೆಗೆ ಯಾರೂ ಇಲ್ಲ" ಎಂದರು. ಹುಡುಗನು ನಾಚಿ ಕುಡಿದುಬಿಟ್ಟನು.

ನನಗೆ ಮಾತ್ರ ಆ ಪ್ರಶ್ನೆಯು ಮನಸ್ಸಿನಿಂದ ಹೋಗಲಿಲ್ಲ. ಹುಡುಗನ ಶಂಕೆಗೂ ಒಂದು ಇತಿಹಾಸವುಂಟು. ಅಜ್ಜನ ಸಿಟ್ಟಿಗೂ ಒಂದು ಇತಿಹಾಸವುಂಟು. ಇವೆರಡನ್ನೂ ಕೂಡಿಸಿ ನೋಡಿದಲ್ಲದೆ ಆ ಪ್ರಶ್ನೆಗೆ ಉತ್ತರವು ದೊರೆಯದೆಂದು ತೋರಿ, ಸಾಗರ, ಹೊಸನಗರ, ತೀರ್ಥಹಳ್ಳಿಗಳ ಈ ನಮ್ಮ ಸೀಮೆಯಲ್ಲಿ ಕುಡಿಯುವ ನೀರು ನಡೆದುಬಂದ ದಾರಿಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವೆನು.

ಪೂರ್ವದಲ್ಲಿ ನಮ್ಮ ಸೀಮೆಯವರಿಗೆ ಕುಡಿಯುವ ನೀರಿನ ಮೂಲಗಳು ಮೂರು: ಅಬ್ಬಿ, ಬಾವಿ, ಕೆರೆಕೊಳಗಳು. ಇವುಗಳಲ್ಲಿ ಅಬ್ಬಿಯೇ ಮಲೆನಾಡಿನ ವಿಶೇಷ. ಗುಡ್ಡದ ಓರೆಯಲ್ಲಿ ಒಸರುವ ಒರತೆಯನ್ನು, ಅಡಕೆಯ ಅಥವಾ ಬಗನಿಯ ಮರವನ್ನು ಸೀಳಿ ತಿರುಳು ತೆಗೆದ ದಂಬೆಗಳ ಮೂಲಕ ಮನೆಯ ಹಿಂಬದಿಗೆ ತರುತ್ತಿದ್ದರು. ಹಗಲಿರುಳೂ ಸುರಿಯುವ ಆ ಧಾರೆಯೇ ಹಂಡೆಗೂ ಬಚ್ಚಲಿಗೂ ಅಡುಗೆಗೂ ಸಾಲುತ್ತಿದ್ದಿತು. ಪೇಟೆಯವರು ನಲ್ಲಿಯನ್ನು ಕಾಣುವ ಎಷ್ಟೋ ಮುಂಚೆ ಮಲೆನಾಡಿನ ಗೃಹಿಣಿಯು ಹರಿದುಬರುವ ನೀರಿಗೆ ಕೊಡವೊಡ್ಡಿದ್ದಳು. ಇಂದು ದಂಬೆಯ ಸ್ಥಾನದಲ್ಲಿ ಕರಿಯ ಪ್ಲಾಸ್ಟಿಕ್ ಕೊಳವೆಯು ಬಂದಿರುವುದಾದರೂ ಒರತೆಯು ಅದೇ.

ಕೆರೆಕೊಳಗಳ ವಿಷಯದಲ್ಲಿ ಕೆಳದಿಯ ಅರಸರು ಮಾಡಿದ ಕಾರ್ಯವು ಸ್ಮರಣೀಯವಾದುದು. ಸಾಗರದ ಗಣಪತಿ ಕೆರೆಯನ್ನು ಸದಾಶಿವನಾಯಕನು ಕಟ್ಟಿಸಿದನೆಂದೂ, ಊರಿಗೆ ಸಾಗರವೆಂಬ ಹೆಸರು ಆ ಸದಾಶಿವಸಾಗರದಿಂದಲೇ ಬಂದಿತೆಂದೂ ಪ್ರತೀತಿ ಇರುವುದು. ಅರಸರ ಕೊನೆಯ ರಾಜಧಾನಿಯಾದ ಬಿದನೂರು, ಎಂದರೆ ಇಂದಿನ ನಗರದ ಸಮೀಪದಲ್ಲಿ, ದೇವಗಂಗೆಯೆಂಬ ಕೊಳಗಳ ಸಮೂಹವಿದೆ. ಗುಡ್ಡದ ನೀರು ಕಲ್ಲಿನ ಕೊಳಗಳಲ್ಲಿ ತುಂಬಿ ಹರಿಯುವ ಆ ಏರ್ಪಾಡನ್ನು ಇಂದಿಗೂ ನೋಡಬಹುದು. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದಲ್ಲಿ ಬೆಟ್ಟದ ನೆತ್ತಿಯ ಕೋಟೆಯೊಳಗೇ ಕೊಳಗಳನ್ನು ಕಟ್ಟಿರುವರು. ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಜೈನರ ಮುತ್ತಿನ ಕೆರೆಯುಂಟು. 1763ರಲ್ಲಿ ಬಿದನೂರು ಹೈದರನ ಕೈಸೇರಿ ಕೆಳದಿಯ ರಾಜ್ಯವು ಅಳಿಯಿತು. ಆದರೆ ಆ ಕೊಳಗಳು ಮಾತ್ರ ಅಳಿಯಲಿಲ್ಲ.

ಈ ನೀರುಗಳು ಕುಡಿಯಲು ಯೋಗ್ಯವಾಗಿದ್ದುದು ಹೇಗೆ? ಮಲೆನಾಡಿನ ನೀರು ಸ್ವಭಾವತಃ ಅಮೃತಸಮಾನವೆಂದು ನಾವು ಹೇಳಿಕೊಳ್ಳುವುದುಂಟು. ಅದು ಅರ್ಧ ಸತ್ಯ. ಉಳಿದರ್ಧವು ಕಾವಲಿನಲ್ಲಿತ್ತು. ಅಬ್ಬಿಯ ಮೂಲವು ಮನೆಗೂ ಕೊಟ್ಟಿಗೆಗೂ ಮೇಲ್ಗಡೆಯಲ್ಲಿರಬೇಕು, ಅದರ ಮೇಲೆ ದನಕರುಗಳನ್ನು ಬಿಡಬಾರದು, ಬಾವಿಕಟ್ಟೆಗೆ ಚಪ್ಪಲಿ ಮೆಟ್ಟಿ ಹತ್ತಬಾರದು, ವೈಶಾಖದಲ್ಲಿ ನೀರು ತಳ ಕಂಡಾಗ ಬಾವಿಗಿಳಿದು ಕೆಸರನ್ನೆತ್ತಬೇಕು, ಕುಡಿಯುವ ನೀರಿನ ಕೊಡವು ಬೇರೆಯಾಗಿರಬೇಕು, ಅದರೊಳಗೆ ಕೈಯದ್ದಬಾರದು, ಚಂಬನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯಬೇಕು. ಇವೆಲ್ಲವೂ ಮಡಿಯೆಂಬ ಒಂದೇ ಹೆಸರಿನಲ್ಲಿ ನಡೆದುಬಂದುವು. ಅಜ್ಜನ ಸಿಟ್ಟಿನ ಮೂಲವು ಇಲ್ಲಿದೆ. ಅವನ ಮನೆಯ ನೀರನ್ನು ಶಂಕಿಸುವುದೆಂದರೆ ಅವನ ಮನೆಯ ಹೆಂಗಸರ ನಾಲ್ಕು ತಲೆಮಾರಿನ ದುಡಿಮೆಯನ್ನು ಶಂಕಿಸಿದಂತೆ.

ಆದರೆ ಇತಿಹಾಸವನ್ನು ಬರೆಯುವವನು ಒಂದು ಕಣ್ಣನ್ನು ಮುಚ್ಚಿಕೊಳ್ಳಲಾಗದು. ಇದೇ ಮಡಿಯು ನಮ್ಮ ಊರುಗಳಲ್ಲಿ ಅನೇಕರನ್ನು ಬಾವಿಯ ಹತ್ತಿರಕ್ಕೆ ಬಾರದಂತೆ ತಡೆಯಿತು. ಅವರು ತೋಟದ ಕೆಳಗಿನ ಹಳ್ಳದಲ್ಲಿ, ಮೇಲಿನವರು ಮಿಂದು ತೊಳೆದು ಬಿಟ್ಟ ನೀರನ್ನೇ ಬಳಸಬೇಕಾಯಿತು. ಮಹಾಡಿನ ಚವದಾರ್ ಕೆರೆಯ ನೀರನ್ನು ಕುಡಿಯುವ ಹಕ್ಕಿಗಾಗಿ ಡಾಕ್ಟರ್ ಅಂಬೇಡಕರರು 1927ರಲ್ಲಿ ಸತ್ಯಾಗ್ರಹವನ್ನೇ ಮಾಡಬೇಕಾಯಿತೆಂಬುದನ್ನು ಇಲ್ಲಿ ನೆನೆಯಬೇಕು. ಕೆಲವರ ನೀರನ್ನು ಮಾತ್ರ ಕಾಯುವ ಕಾವಲು ಊರಿನ ಕಾವಲಲ್ಲ. ಹಳ್ಳದ ತುದಿಯಲ್ಲಿ ಹುಟ್ಟಿದ ರೋಗವು ಕೇರಿಯ ಗಡಿಯನ್ನು ಕೇಳಿ ನಿಲ್ಲುವುದಿಲ್ಲ.

ಇನ್ನು ಶಾಸ್ತ್ರದ ಮಾತು. ತೀರ್ಥವೆಂಬುದು ಬೇರೆ, ಪಾನೀಯವೆಂಬುದು ಬೇರೆ ಎಂಬ ವಿವೇಕವು ನಮ್ಮ ಪ್ರಾಚೀನರಿಗೆ ಚೆನ್ನಾಗಿಯೇ ಇದ್ದಿತು. ಎಳ್ಳಮಾವಾಸ್ಯೆಯಲ್ಲಿ ತೀರ್ಥಹಳ್ಳಿಯ ತುಂಗೆಯಲ್ಲಿ ಮೀಯುವುದು ಪುಣ್ಯಕ್ಕಾಗಿ. ಆದರೆ ವೈದ್ಯನು ನೀರನ್ನು ನೋಡುವ ದೃಷ್ಟಿಯೇ ಬೇರೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ 45ನೆಯ ಅಧ್ಯಾಯದಲ್ಲಿ ಕಲುಷಿತವಾದ ನೀರನ್ನು ತಿಳಿಗೊಳಿಸುವ ಏಳು ದ್ರವ್ಯಗಳು ಹೇಳಲ್ಪಟ್ಟಿವೆ. ಕತಕ, ಎಂದರೆ ಚಿಲ್ಲದ ಬೀಜ, ಅವುಗಳಲ್ಲಿ ಮೊದಲನೆಯದು, ಬಟ್ಟೆಯೂ ಅವುಗಳಲ್ಲೊಂದು. ಬೆಂಕಿಯಿಂದ ಕಾಯಿಸುವುದು, ಬಿಸಿಲಿನಲ್ಲಿಡುವುದು, ಕಾದ ಕಬ್ಬಿಣದ ಗುಂಡನ್ನು ಮುಳುಗಿಸುವುದು ಇವೂ ಹೇಳಲ್ಪಟ್ಟಿವೆ. ಮಳೆಗಾಲದ ಆರಂಭದ ಹೊಸ ನೀರನ್ನು ಕುಡಿದರೂ ಅದರಲ್ಲಿ ಮಿಂದರೂ ರೋಗವು ಬರುವುದೆಂಬ ಎಚ್ಚರಿಕೆಯು ಅಲ್ಲಿ ಸ್ಪಷ್ಟವಾಗಿದೆ. ಮನುಸ್ಮೃತಿಯು ಆರನೆಯ ಅಧ್ಯಾಯದಲ್ಲಿ ಸನ್ಯಾಸಿಗೆ ಬಟ್ಟೆಯಲ್ಲಿ ಸೋಸಿದ ನೀರನ್ನೇ ವಿಧಿಸಿದೆ. ಹುಂಚದ ಜೈನರು ನೀರನ್ನು ಸೋಸುವುದಷ್ಟೇ ಅಲ್ಲದೆ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ತಂದ ಮೂಲಕ್ಕೇ ಹಿಂದಕ್ಕೆ ಬಿಡುವ ಆಚಾರವನ್ನು ಪಾಲಿಸಿಕೊಂಡು ಬಂದಿರುವರು. ಕಣ್ಣಿಗೆ ಕಾಣದ ಜೀವವು ನೀರಿನಲ್ಲಿದೆಯೆಂಬ ನಂಬಿಕೆಯು ಸೂಕ್ಷ್ಮದರ್ಶಕ ಯಂತ್ರಕ್ಕಿಂತ ಹಳೆಯದು.

ಬಟ್ಟೆಯ ಮಹಿಮೆಯು ಸುಳ್ಳಲ್ಲ. ಬಯಲುಸೀಮೆಯ ಮೆಟ್ಟಿಲು ಬಾವಿಗಳಿಂದ ಬರುತ್ತಿದ್ದ ನಾರುಹುಣ್ಣಿನ ಬೀಜವನ್ನು ಹೊತ್ತ ಸಣ್ಣ ನೀರುಹುಳುವು ಬಟ್ಟೆಯಲ್ಲಿ ಸಿಕ್ಕಿಕೊಳ್ಳುವುದು. ನೀರನ್ನು ಸೋಸುವುದನ್ನು ಕಲಿಸಿ, ಬಾವಿಗಳನ್ನು ತಿದ್ದಿ, ನಮ್ಮ ದೇಶವು 2000ನೆಯ ಇಸವಿಯಲ್ಲಿ ಆ ರೋಗದಿಂದ ಮುಕ್ತವೆನ್ನಿಸಿಕೊಂಡಿತು. ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ಸೋಸಿದಲ್ಲಿ ಕಾಲರಾ ರೋಗವು ಸುಮಾರು ಅರ್ಧಕ್ಕೆ ಇಳಿಯುವುದೆಂದು ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆದ ಪರೀಕ್ಷೆಯಿಂದ 2003ರಲ್ಲಿ ಗೊತ್ತಾಯಿತು. ಆದರೆ ಉಳಿದರ್ಧವು ಬಟ್ಟೆಯನ್ನು ದಾಟಿ ಹೋಯಿತೆಂಬುದನ್ನೂ ಮರೆಯಬಾರದು. ಕತಕವು ನೀರಿನ ಮಣ್ಣನ್ನು ತಳಕ್ಕಿಳಿಸಿ ತಾನೂ ತಳಕ್ಕಿಳಿಯುವುದೆಂದು ವೇದಾಂತಿಗಳು ಜ್ಞಾನಕ್ಕೆ ಹೋಲಿಕೆ ಕೊಡುವರು. ಹೋಲಿಕೆಯು ಸುಂದರವಾದುದೇ. ನೀರಿನ ಮಟ್ಟಿಗೆ ಹೇಳುವುದಾದರೆ ತಿಳಿಯಾದುದೆಲ್ಲವೂ ಶುದ್ಧವಲ್ಲ. ನಮ್ಮ ಹಿರಿಯರ ಕಾವಲಿನಲ್ಲಿದ್ದ ಒಂದೇ ಬಿರುಕು ಇದು. ಅವರು ಕಣ್ಣನ್ನೂ ನಾಲಿಗೆಯನ್ನೂ ಸಾಕ್ಷಿಯಾಗಿ ನಂಬಿದರು.

ಈ ಸಾಕ್ಷಿಯು ಸಾಲದೆಂಬುದು 19ನೆಯ ಶತಮಾನದಲ್ಲಿ ದೃಢಪಟ್ಟಿತು. 1854ರಲ್ಲಿ ಲಂಡನ್ನಿನ ಬ್ರಾಡ್ ಬೀದಿಯಲ್ಲಿ ಕಾಲರಾ ಹಬ್ಬಿದಾಗ, ಸತ್ತವರ ಮನೆಗಳನ್ನು ಎಣಿಸುತ್ತ ಹೋದ ಡಾಕ್ಟರ್ ಜಾನ್ ಸ್ನೋ ಎಂಬಾತನು, ಅವರಲ್ಲಿ ಬಹುಮಂದಿ ಒಂದೇ ಪಂಪಿನ ನೀರನ್ನು ಕುಡಿದವರೆಂದು ಕಂಡು ಅದರ ಹಿಡಿಯನ್ನು ತೆಗೆಯಿಸಿದನು. ಜರ್ಮನಿಯ ರಾಬರ್ಟ್ ಕಾಕ್ ಎಂಬ ಪಂಡಿತನು 1884ರಲ್ಲಿ ಕಲ್ಕತ್ತೆಯ ಒಂದು ಕೆರೆಯ ನೀರಿನಲ್ಲಿಯೇ ಕಾಲರಾದ ಸೂಕ್ಷ್ಮಜೀವಿಯನ್ನು ತೋರಿಸಿದನು. 1892ರಲ್ಲಿ ಎಲ್ಬೆ ನದಿಯ ದಡದ ಹ್ಯಾಂಬರ್ಗ್ ಪಟ್ಟಣದಲ್ಲಿ ಕಾಲರಾದಿಂದ 8,000ಕ್ಕೂ ಮಿಕ್ಕಿ ಜನರು ಮಡಿದರು. ಅದಕ್ಕೆ ಅಂಟಿಕೊಂಡು, ಹೊಳೆಯ ಕೆಳಗಡೆಯಲ್ಲಿ, ಇನ್ನೂ ಹೊಲಸಾದ ನೀರನ್ನೆತ್ತಿಕೊಳ್ಳುತ್ತಿದ್ದ ಆಲ್ಟೋನಾ ಪಟ್ಟಣವು ಬಹುಮಟ್ಟಿಗೆ ಪಾರಾಯಿತು. ಏಕೆಂದರೆ ಅದು ನೀರನ್ನು ಮರಳಿನಲ್ಲಿ ಸೋಸಿ ಕೊಡುತ್ತಿದ್ದಿತು, ಹ್ಯಾಂಬರ್ಗು ಸೋಸದೆ ಕೊಡುತ್ತಿದ್ದಿತು. ಎರಡೂ ಊರುಗಳಲ್ಲಿ ನಲ್ಲಿಗಳಿದ್ದುವು. ನಲ್ಲಿಯು ತಾನಾಗಿ ರಕ್ಷಕನೂ ಅಲ್ಲ, ಭಕ್ಷಕನೂ ಅಲ್ಲ. ನಲ್ಲಿಯ ಆಚೆಯ ತುದಿಯಲ್ಲಿ ಯಾರು ಏನು ಮಾಡುತ್ತಿರುವರೆಂಬುದೇ ಮುಖ್ಯ. ಒಂದು ಬಾವಿಯು ಕೆಟ್ಟರೆ ಒಂದು ಮನೆಯು ಮಲಗುವುದು. ಕೊಳವೆಯ ಮೂಲವು ಕೆಟ್ಟರೆ ಊರೇ ಮಲಗುವುದು.

ನಮ್ಮ ಸಂಸ್ಥಾನದಲ್ಲಿ ದೊಡ್ಡ ಊರುಗಳಿಗೆ ಕೊಳವೆಯ ನೀರು ಬಂದುದು ಅದೇ ಕಾಲದಲ್ಲಿ. ಬೆಂಗಳೂರಿಗೆ ಹೆಸರಘಟ್ಟದ ಕೆರೆಯ ನೀರು 19ನೆಯ ಶತಮಾನದ ಕೊನೆಯ ದಶಕದಲ್ಲಿ ಬಂದಿತು. ಮಲೆನಾಡಿನ ಹಳ್ಳಿಗಳಿಗೆ ಅದರ ಅವಶ್ಯಕತೆಯಾಗಲಿ ಆಸೆಯಾಗಲಿ ಇರಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವಾಗ ನೀರನ್ನು ಕೊಳವೆಯಲ್ಲಿ ತರುವ ಮಾತನ್ನು ಯಾರು ಕೇಳುವರು?

ಆ ಮಾತನ್ನು ಕೇಳುವಂತೆ ಮಾಡಿದುದು ಶರಾವತಿಯೇ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಸಾಗರಗಳನ್ನು ಹಾದು, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಸಮುದ್ರವನ್ನು ಸೇರುವ ಈ ನದಿಗೆ 1939ರಿಂದ 1948ರ ವರೆಗೆ ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿದರು. ಅದಾದ ಮೇಲೆ 1964ರಲ್ಲಿ ಪೂರ್ಣವಾದ ಲಿಂಗನಮಕ್ಕಿಯ ಅಣೆಕಟ್ಟು, ಹಿರೇಭಾಸ್ಕರವನ್ನೇ ಮುಳುಗಿಸುವಷ್ಟು ದೊಡ್ಡದಾದ ಜಲರಾಶಿಯನ್ನು ನಿಲ್ಲಿಸಿತು. ಬರಗಾಲದಲ್ಲಿ ನೀರು ಬಹಳ ಇಳಿದಾಗ ಆ ಹಳೆಯ ಕಟ್ಟೆಯು ಮರಳಿ ತಲೆಯೆತ್ತುವುದನ್ನು ನಾವು ಕಂಡಿರುವೆವು. ಈ ಜಲರಾಶಿಯು ಹಬ್ಬಿದ್ದರಿಂದ ಕರೂರು ಬಾರಂಗಿ ಹೋಬಳಿಗಳು ತಾಲ್ಲೂಕಿನ ಕಸಬೆಯಿಂದ ಕಡಿದುಹೋದುವು. ಭೂಗೋಳದ ಲೆಕ್ಕದಲ್ಲಿ ಅದು ಪೂರ್ಣವಾದ ದ್ವೀಪವಲ್ಲ. ಹಿಂಬದಿಯಲ್ಲಿ ಘಟ್ಟದ ಕಡೆಗೆ ಸುತ್ತುದಾರಿಗಳುಂಟು. ಆದರೂ ಲಾಂಚನ್ನು ಕಾಯುತ್ತ ಆಸ್ಪತ್ರೆಗೂ ಶಾಲೆಗೂ ಸಂತೆಗೂ ಓಡಾಡಿದವರಿಗೆ ಅದು ದ್ವೀಪವೇ ಆಗಿದ್ದಿತು.

ಲಿಂಗನಮಕ್ಕಿಯಲ್ಲಿ ತುಂಬಿದಾಗ ನಿಲ್ಲುವ ನೀರು 15,000 ಕೋಟಿ ಘನ ಅಡಿಗಳಿಗೂ ಮಿಕ್ಕಿದುದು. ತಲೆಗೆ ದಿನಕ್ಕೆ 55 ಲೀಟರಿನಂತೆ ಹಂಚಿದಲ್ಲಿ ಅದು ಇಡೀ ಕರ್ನಾಟಕದ ಜನಕ್ಕೆ ಸುಮಾರು ಮೂರು ವರ್ಷಗಳಿಗೆ ಸಾಕಾಗುವುದು. ಅಂಥ ನೀರಿನ ದಡದಲ್ಲಿ ನಿಂತವನು ಕುಡಿಯುವ ನೀರಿಗೆ ಚಿಂತಿಸುವನೆಂದರೆ ಆಶ್ಚರ್ಯವಲ್ಲವೆ? ಕಾರಣವು ಸರಳವಾಗಿದೆ. ಮುಳುಗಿದುದು ಗದ್ದೆತೋಟಗಳು ಮಾತ್ರವಲ್ಲ. ಕಣಿವೆಯ ಬಾವಿಗಳೂ, ಅಬ್ಬಿಗಳ ಇಳಿಜಾರುಗಳೂ, ಯಾವ ಒರತೆಯು ಯಾವ ತಿಂಗಳಲ್ಲಿ ಬತ್ತುವುದೆಂಬ ಹಿರಿಯರ ತಿಳಿವಳಿಕೆಯೂ ಮುಳುಗಿದುವು. ಮೇಲಿನ ದಿಬ್ಬಗಳಿಗೆ ಸರಿದವರು ಗಟ್ಟಿಯಾದ ಜಂಬಿಟ್ಟಿಗೆಯ ನೆಲದಲ್ಲಿ ಹೊಸದಾಗಿ ಬಾವಿ ತೋಡಬೇಕಾಯಿತು. ಹಿನ್ನೀರಾದರೋ ಮಳೆಗಾಲದಲ್ಲಿ ಕೆಂಪಗೆ ಕದಡಿ ಬರುವುದು. ಬೇಸಗೆಯಲ್ಲಿ ದೂರ ಸರಿದು ಕೆಸರಿನ ಬಯಲನ್ನು ಬಿಟ್ಟುಹೋಗುವುದು.

ಸಮುದ್ರದ ನಡುವಿನ ನಿಜವಾದ ದ್ವೀಪಗಳಲ್ಲಿಯೂ ಸಂಗತಿಯು ಇಂಥದೇ. ನಮ್ಮ ಕರಾವಳಿಯ ಆಚೆಯ ಲಕ್ಷದ್ವೀಪಗಳಲ್ಲಿ ಹವಳದ ನೆಲಕ್ಕಿಳಿದ ಮಳೆಯ ನೀರು, ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತ ನಿಂತಿರುವುದು. ಹೆಚ್ಚು ಸೇದಿದರೆ ಕೆಳಗಿನ ಉಪ್ಪು ಮೇಲಕ್ಕೇರುವುದು. ಶೌಚದ ಗುಂಡಿಯು ಹತ್ತಿರವಾದರೆ ಅದರ ಹೊಲಸು ಬಾವಿಗಿಳಿಯುವುದು. ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರನ್ನೇ ಆವಿಯಾಗಿಸಿ ದಿನಕ್ಕೆ ಒಂದು ಲಕ್ಷ ಲೀಟರು ಸಿಹಿನೀರನ್ನು ಪಡೆಯುವ ಯಂತ್ರವನ್ನು ಸ್ಥಾಪಿಸಬೇಕಾಯಿತು. ನೀರು ಸುತ್ತಲೂ ಇರುವುದು ಬೇರೆ, ಕುಡಿಯುವ ನೀರು ಇರುವುದು ಬೇರೆ.

ಇಂಥ ಸ್ಥಿತಿಯಲ್ಲಿ ಹಿನ್ನೀರಿನ ಈಚೆಗೂ ಆಚೆಗೂ ಪಂಚಾಯತಿಯ ನಲ್ಲಿಯು ಬಂದಿತು: ಮೊದಲು ಕೈಪಂಪು, ಆಮೇಲೆ ಕೊಳವೆಬಾವಿ, ಎತ್ತರದ ತೊಟ್ಟಿ, ಬೀದಿಯ ನಲ್ಲಿ. 2019ರ ಆಗಸ್ಟ್ 15ರಂದು ಘೋಷಿತವಾದ ಜಲಜೀವನ ಯೋಜನೆಯು ಗ್ರಾಮಾಂತರದ ಪ್ರತಿಯೊಂದು ಮನೆಗೂ ನಲ್ಲಿಯನ್ನೂ, ತಲೆಗೆ ದಿನಕ್ಕೆ 55 ಲೀಟರು ನೀರನ್ನೂ ಗುರಿಯಾಗಿಟ್ಟುಕೊಂಡಿದೆ. ಬಯಲುಸೀಮೆಯಲ್ಲಿ ಕೆರೆಯ ತೂಬನ್ನು ಕಾಯುತ್ತಿದ್ದವನಿಗೆ ನೀರುಗಂಟಿಯೆಂದು ಹೆಸರಿದ್ದಿತು. ಇಂದು ತೊಟ್ಟಿಗೆ ನೀರು ಬಿಡುವವನನ್ನೂ ಜನರು ಅದೇ ಹೆಸರಿನಿಂದ ಕರೆಯುವರು. ಹೆಸರು ಉಳಿಯಿತು. ಕಾವಲು ಉಳಿಯಿತೆ? ಹಿಂದೆ ಪ್ರತಿಯೊಂದು ಮನೆಯೂ ತನ್ನ ನೀರಿಗೆ ತಾನೇ ನೀರುಗಂಟಿಯಾಗಿದ್ದಿತು. ಈಗ ತೊಟ್ಟಿಯ ಮುಚ್ಚಳವನ್ನು ಹತ್ತಿ ನೋಡಿದವರು ಊರಿನಲ್ಲಿ ಎಷ್ಟು ಮಂದಿ?

ಇನ್ನೊಬ್ಬರನ್ನು ದೂರುವ ಮೊದಲು ನನ್ನದೇ ತಪ್ಪೊಂದನ್ನು ಹೇಳಬೇಕಾಗಿದೆ. ಹಲವು ವರ್ಷಗಳ ಹಿಂದೆ, ನಾನು ಇನ್ನೂ ಉಪಾಧ್ಯಾಯನಾಗಿದ್ದಾಗ, ಮಳೆಗಾಲಕ್ಕೆ ಮುಂಚೆ ಆರೋಗ್ಯದ ಸಿಬ್ಬಂದಿಯವರು ಬಾವಿಗೆ ಬ್ಲೀಚಿಂಗ್ ಪುಡಿಯನ್ನು ಹಾಕಲು ನಮ್ಮ ಮನೆಗೆ ಬಂದರು. "ದೇವರ ಅಭಿಷೇಕದ ನೀರಿಗೆ ಈ ವಾಸನೆ ಕೂಡದು, ನಮ್ಮ ಬಾವಿಯ ನೀರು ಸ್ಫಟಿಕದಂತಿದೆ" ಎಂದು ಅವರನ್ನು ಹಿಂದಕ್ಕೆ ಕಳುಹಿಸಿದೆನು. ಅದಕ್ಕೆ ಎರಡು ವರ್ಷಗಳ ಮುಂಚೆ ಮನೆಗೆ ಹೊಸದಾಗಿ ಶೌಚಗೃಹವನ್ನು ಕಟ್ಟಿಸಿ, ಜಾಗದ ಅನುಕೂಲವನ್ನು ನೋಡಿ, ಬಾವಿಗೆ ಮೇಲ್ಗಡೆಯಲ್ಲಿ ಇಪ್ಪತ್ತು ಇಪ್ಪತ್ತೈದು ಅಡಿಗಳ ದೂರದಲ್ಲಿಯೇ ಗುಂಡಿ ತೆಗೆಯಿಸಿದ್ದೆನು. ಜಂಬಿಟ್ಟಿಗೆಯ ನೆಲವು ಜರಡಿಯಂಥದೆಂಬುದು ನನಗೆ ಹೊಳೆಯಲಿಲ್ಲ. ಆ ಶ್ರಾವಣದಲ್ಲಿ ನನ್ನ ಮಗಳೂ, ನಮ್ಮಲ್ಲಿದ್ದುಕೊಂಡು ಓದುತ್ತಿದ್ದ ಅಕ್ಕನ ಮಗನೂ ಕಾಮಾಲೆಯಿಂದ ಮಲಗಿದರು. ಹುಡುಗನು ಆರು ವಾರ ಹಾಸಿಗೆಯನ್ನು ಬಿಡಲಿಲ್ಲ. ಒಂದು ರಾತ್ರಿ ಅವನ ತಲೆದೆಸೆಯಲ್ಲಿ ಕುಳಿತಿದ್ದಾಗ ಅಕ್ಕನು ನನ್ನನ್ನು ಏನೂ ಕೇಳಲಿಲ್ಲ. ಬಾವಿಯ ಕಡೆಗೆ ಒಮ್ಮೆ ನೋಡಿದಳು, ಅಷ್ಟೆ. ಮಳೆಗಾಲದ ಹೊಸನೀರು ರೋಗಕಾರಕವೆಂಬ ಸುಶ್ರುತನ ಮಾತನ್ನು ಅದೇ ತಿಂಗಳಲ್ಲಿ ಮಕ್ಕಳಿಗೆ ಪಾಠ ಹೇಳಿದ್ದೆನು. ಗ್ರಂಥವು ನನ್ನಲ್ಲಿದ್ದಿತು, ಕಾವಲು ಇರಲಿಲ್ಲ. ಹುಡುಗನು ಬದುಕಿದನು. ಗುಂಡಿಯನ್ನು ಮುಚ್ಚಿಸಿ ಬೇರೆ ಕಡೆ ತೆಗೆಯಿಸಿದೆನು. ಕುಡಿಯುವ ನೀರಿನ ಬಾವಿಗೂ ಇಂಥ ಗುಂಡಿಗೂ 50 ಅಡಿಗಳಾದರೂ ದೂರವಿರಬೇಕೆಂಬುದು ಆರೋಗ್ಯಶಾಸ್ತ್ರಜ್ಞರ ಮತ. ಗುಂಡಿಯು ಬಾವಿಗೆ ಕೆಳಗಡೆಯಲ್ಲಿರಬೇಕೆಂಬುದು ನಮ್ಮ ಅಬ್ಬಿಯ ನಿಯಮವೇ.

ಹಾಗಾದರೆ ನಡುಗಡ್ಡೆಯ ನಲ್ಲಿಯ ನೀರನ್ನು ಕುಡಿಯಬಹುದೊ? ಇತಿಹಾಸವು ಕೊಡುವ ಉತ್ತರವಿದು: ಕಾದ ನೀರನ್ನು ಕುಡಿಯಬಹುದು, ಕಾಯದ ನೀರನ್ನು ಕುಡಿಯಬಾರದು. ಕನ್ನಡದಲ್ಲಿ ಕಾಯುವುದೆಂಬ ಮಾತಿಗೆ ಬಿಸಿಯಾಗುವುದೆಂದೂ ರಕ್ಷಿಸುವುದೆಂದೂ ಎರಡರ್ಥಗಳಿವೆ. ಇಲ್ಲಿ ಎರಡೂ ಸಲ್ಲುವುವು. ಮೊದಲನೆಯದು ಮನೆಯ ಕೆಲಸ. ನೀರನ್ನು ಬೆಚ್ಚಗೆ ಮಾಡಿದರೆ ಸಾಲದು. ಚೆನ್ನಾಗಿ ಕುದಿಬಂದ ಮೇಲೆ ಒಂದು ನಿಮಿಷವಾದರೂ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಬೇಕು. ಆಷಾಢದಿಂದ ಭಾದ್ರಪದದ ವರೆಗೆ ಅಬ್ಬಿ, ಬಾವಿ, ನಲ್ಲಿ ಎಂಬ ಭೇದವಿಲ್ಲದೆ ಇದನ್ನು ನಡೆಯಿಸಬೇಕು. ಎರಡನೆಯದು ಊರಿನ ಕೆಲಸ. 1,000 ಲೀಟರು ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಕರಗಿಸಿ, ತಿಳಿಯನ್ನು ಬೆರಸಿ, ಅರ್ಧ ಗಂಟೆ ಬಿಟ್ಟು ಬಳಸಬೇಕೆಂಬುದು ಸಾಮಾನ್ಯವಾದ ಲೆಕ್ಕ. ಲೀಟರಿಗೆ 0.2 ಮಿಲಿಗ್ರಾಮಿನಷ್ಟಾದರೂ ಕ್ಲೋರಿನ್ನು ನಲ್ಲಿಯ ಬಾಯಿಯ ವರೆಗೂ ಉಳಿದಿರಬೇಕೆಂದು ಭಾರತೀಯ ಮಾನಕವು ಹೇಳುವುದು. ಆ ಸಣ್ಣ ವಾಸನೆಯೇ ಕಾವಲುಗಾರನ ಹೆಜ್ಜೆಯ ಸಪ್ಪಳವೆಂದು ತಿಳಿಯಬೇಕು.

ಇದಕ್ಕೆ ಪರೀಕ್ಷೆಯೂ ಸುಲಭವಾಗಿದೆ. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಒಂದು ವಿಧಾನದಂತೆ, ಔಷಧವನ್ನು ಹಚ್ಚಿದ ಸಣ್ಣ ಸೀಸೆಗೆ ನೀರನ್ನು ತುಂಬಿ ಬೆಚ್ಚಗಿನ ಕಡೆಯಲ್ಲಿಟ್ಟರೆ, ಮಲದ ಸಂಪರ್ಕವುಳ್ಳ ನೀರು ಒಂದೆರಡು ದಿನಗಳಲ್ಲಿ ಕಪ್ಪಗಾಗುವುದು. ಪ್ರತಿಯೊಂದು ಹಳ್ಳಿಯಲ್ಲಿಯೂ ಐವರು ಹೆಂಗಸರಿಗೆ ನೀರಿನ ಪರೀಕ್ಷೆಯನ್ನು ಕಲಿಸಬೇಕೆಂಬ ನಿಯಮವು ಜಲಜೀವನ ಯೋಜನೆಯಲ್ಲಿಯೇ ಇರುವುದು. ಇದಕ್ಕಿಂತ ಉಚಿತವಾದುದು ಇನ್ನೊಂದಿಲ್ಲ. ನಾಲ್ಕು ತಲೆಮಾರು ನೀರನ್ನು ಕಾಯ್ದವರು ಹೆಂಗಸರೇ ಅಲ್ಲವೆ? ಈ ಸಲ ಆ ಕಾವಲು ಕೇರಿಯ ಗಡಿಯಲ್ಲಿ ನಿಲ್ಲದೆ ಕಟ್ಟಕಡೆಯ ಮನೆಯ ನಲ್ಲಿಯ ವರೆಗೂ ಹೋಗಲಿ.

ಶುಭಕಾರ್ಯವು ಮುಗಿದು ಹೊರಡುವ ದಿನ ಬೆಳಗ್ಗೆ ನಾನು ಯಜಮಾನರನ್ನು ಕರೆದುಕೊಂಡು ಊರಿನ ತೊಟ್ಟಿಯ ಹತ್ತಿರಕ್ಕೆ ಹೋದೆನು. ಮೊಮ್ಮಗನು ಏಣಿಯನ್ನು ಹತ್ತಿ ನೋಡಿ, ಮುಚ್ಚಳವು ಒಂದು ಕಡೆ ಒಡೆದಿದೆಯೆಂದು ಕೂಗಿ ಹೇಳಿದನು. ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ. ಮನೆಗೆ ಬಂದ ಮೇಲೆ ಒಳಗೆ ಕೂಗಿ, "ತಮನಿಗೆ ಕುದಿಸಿದ ನೀರನ್ನು ಕೊಡಿ, ನನಗೂ ಅದನ್ನೇ ಕೊಡಿ" ಎಂದರು. ಮುಂದಿನ ವಾರ ಪಂಚಾಯತಿಗೆ ಅರ್ಜಿಯನ್ನು ಕೊಟ್ಟರೆಂದೂ, ಹೊಸ ಮುಚ್ಚಳವು ಬಂದಿತೆಂದೂ ಆಮೇಲೆ ತಿಳಿಯಿತು.